ಲಗ್ನಪತ್ರಿಕೆಯ ಅಂಚು ಯಾರದು?

(ಹಿರಿಯೂರು ತಾಲೂಕು ಆದಿವಾಲದ ಮುದ್ರಣಾಲಯದ ಮಾಲೀಕರೊಬ್ಬರು ಕನ್ನಡದ ಯುವಕ ಯುವತಿಯರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಓದಿದ್ದು ಪಿಯುಸಿ. ಆಮೇಲೆ ಅಪ್ಪನ ಟ್ರೆಡಲ್ ಮಿಷನ್ನು, ಮಸಿ, ಕಾಗದ, ಇಷ್ಟೇ ನನ್ನ ವಿಶ್ವವಿದ್ಯಾಲಯ. ಆದರೂ ಒಂದು ಪ್ರಶ್ನೆ ಕೇಳುವ ಹಕ್ಕು ಮಸಿ ಮೆತ್ತಿದ ಕೈಗೂ ಇದೆ. ನಿಮ್ಮ ಮನೆಗೆ ಲಗ್ನಪತ್ರಿಕೆ ಬಂದಾಗ ಏನು ನೋಡುತ್ತೀರಿ? ಹೋರಾಟದವರು ನೀವು, ಮೊದಲು ಭಾಷೆ ನೋಡುತ್ತೀರಿ. ಕನ್ನಡದಲ್ಲಿದ್ದರೆ ಸಮಾಧಾನ, ಇಂಗ್ಲಿಷಿನಲ್ಲಿದ್ದರೆ ಕೆಂಡ! ಸರಿಯೇ. ಆದರೆ ಆ ಕನ್ನಡ ಅಕ್ಷರಗಳ ಸುತ್ತ ಇರುವ ಅಂಚನ್ನು ಯಾವತ್ತಾದರೂ ನೋಡಿದ್ದೀರಾ?

ಅಲ್ಲಿ ಪಲ್ಲಕ್ಕಿ ಹೊತ್ತವರ ತಲೆಯ ಮೇಲೆ ರಾಜಸ್ಥಾನದ ಪೇಟ ಇರುತ್ತದೆ. ಊದುವವರ ಕೈಲಿರುವುದು ನಮ್ಮ ಓಲಗವಲ್ಲ. ಆ ಕಾರ್ಡು ಬರುವುದು ಶಿವಕಾಶಿಯಿಂದ. ಬಣ್ಣ, ಚಿತ್ರ, ಚಿನ್ನದ ಗೆರೆ ಎಲ್ಲ ಅಲ್ಲೇ ಮುಗಿದಿರುತ್ತದೆ. ಮಧ್ಯದ ಖಾಲಿ ಜಾಗದಲ್ಲಿ ಗಂಡು ಹೆಣ್ಣಿನ ಹೆಸರು ಅಚ್ಚು ಹಾಕುವುದಷ್ಟೇ ನನ್ನಂಥವನ ಕೆಲಸ. ಶಿವಕಾಶಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಷ್ಟಪಟ್ಟು ದುಡಿಯುವ ಜನ, ನಾವು ಕೇಳಿದ್ದನ್ನು ಕೊಡುತ್ತಾರೆ. ಕೇಳಿದವರು ನಾವೇ ಅಲ್ಲವೇ?

ನನ್ನ ಅಕ್ಕನ ಮಗಳ ಮದುವೆ ಗೊತ್ತಾದಾಗ ನನಗೆ ಹಟ ಬಂತು. ಈ ಪತ್ರಿಕೆಯ ಅಂಚನ್ನು ನಾನೇ ಬರೆಯುತ್ತೇನೆ ಅಂದೆ. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತೆ. ಮೂರು ರಾತ್ರಿ ಕೂತೆ. ಏನು ಬಂತು ಗೊತ್ತೇ? ಮಾವಿನಕಾಯಿ ಬುಟ್ಟ, ಎರಡು ನವಿಲು, ಒಂದು ಆನೆ. ಇಷ್ಟು ವರ್ಷ ಬೇರೆಯವರ ಚಿತ್ರದ ಮೇಲೆ ಹೆಸರು ಒತ್ತಿ ಒತ್ತಿ ನನ್ನ ಕೈಗೆ ಅದೇ ಅಂಟಿಕೊಂಡಿತ್ತು. ನಿಜ ಹೇಳುತ್ತೇನೆ, ಅವತ್ತು ನಾಚಿಕೆಯಾಯಿತು. ನವೆಂಬರ್ ಬಂದರೆ ಬಾವುಟ ಅಚ್ಚು ಹಾಕುವವನು ನಾನು. ನನ್ನದು ಅಂತ ಒಂದು ಗೆರೆ ಇಲ್ಲ!

ನಮ್ಮವ್ವ ದಿನಾ ಬೆಳಗ್ಗೆ ಸಗಣಿ ಸಾರಿಸಿದ ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಸುತ್ತುತ್ತಿದ್ದಳು. ಅವಳು ತೀರಿಕೊಂಡು ವರ್ಷಗಳಾದವು. ಅಂಗಳಕ್ಕೆ ಸಿಮೆಂಟು ಬಂತು, ಬಾಗಿಲಿಗೆ ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿ ಬಂತು. ಅಕ್ಕನನ್ನು ಕೇಳಿದೆ, "ಅಕ್ಕಾ, ಅವ್ವ ಹಬ್ಬದ ದಿನ ಬಿಡ್ತಿದ್ಳಲ್ಲ, ಅದು ಹೆಂಗೆ?" ಅಕ್ಕ ತಲೆ ಕೆರೆದುಕೊಂಡಳು. "ಬಾಯಲ್ಲಿ ಹೇಳಾಕೆ ಬರಲ್ಲ ಕಣೋ. ಪುಡಿ ತಗಂಡು ಬಾ" ಅಂದಳು.

ಪುಡಿ ಕೊಟ್ಟೆ. ಕೂತಳು. ಮೊದಲು ಏಳು ಚುಕ್ಕಿ, ಅದರ ಆಚೆ ಈಚೆ ಸಂದಿನಲ್ಲಿ ಆರು, ಐದು, ಹೀಗೆ ಒಂದರವರೆಗೆ. ಆಮೇಲೆ ಎಳೆ ಎತ್ತಿದಳು ನೋಡಿ, ಕೈ ತನ್ನಷ್ಟಕ್ಕೆ ತಾನೇ ಹೋಯಿತು. ಬಾಯಿ ಮರೆತದ್ದನ್ನು ಹೆಬ್ಬೆರಳು ಮರೆತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದೆ. ಹದಿನಾಲ್ಕು ಸಲ ತಪ್ಪಿದೆ. ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ನನ್ನದು ಎಲ್ಲೋ ಒಂದು ಚುಕ್ಕಿಯನ್ನು ಒಂಟಿ ಮಾಡಿ ಬಿಡುತ್ತಿತ್ತು. "ಒಂದನ್ನ ಬಿಟ್ರೆ ಅದು ರಂಗೋಲಿ ಅಲ್ಲ" ಅಂದಳು ಅಕ್ಕ. ಅವ್ವನೂ ಹಾಗೇ ಅನ್ನುತ್ತಿದ್ದಳಂತೆ. ಅವ್ವನ ಜೊತೆ ಅಷ್ಟು ಹೊತ್ತು ನಾನು ಅವಳು ಬದುಕಿದ್ದಾಗಲೂ ಕೂತಿರಲಿಲ್ಲ.

ಇದು ನಮ್ಮ ಮನೆಯೊಂದರ ಕತೆ ಅಂದುಕೊಳ್ಳಬೇಡಿ. ಸಾಗರ, ಸೊರಬದ ಕಡೆ ಹೋಗಿ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತರುವುದು ಏನೂ ಇಲ್ಲ. ಮದುವೆಯಲ್ಲಿ ಗಂಡು ಹೆಣ್ಣು ಕೂರುವುದು ಆ ಹಸೆಗೋಡೆಯ ಮುಂದೆ. ಧಾರವಾಡದ ಕಡೆಯ ಕಸೂತಿ ನೋಡಿ. ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಏಳಿಸುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಒಳಗೂ ಹೊರಗೂ ಒಂದೇ ಚಿತ್ರ. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ಸೀರೆಯ ಅಂಚು ನಿಮ್ಮಲ್ಲಿ ಎಷ್ಟು ಜನಕ್ಕೆ ಗುರುತು ಸಿಗುತ್ತದೆ? ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಕಾಗದದಲ್ಲಿದೆ, ಕಣ್ಣಿನಲ್ಲಿ ಇಲ್ಲ.

ಅದೇ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡವಲ್ಲ, ಆದರೂ ಅದು ನನಗೆ ಬಹಳ ಹತ್ತಿರ. ಯಾಕೆಂದರೆ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ರಾಜನ ಮಾತು ಮುಗಿದ ಮೇಲೆ ಅವನು 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನು ಖರೋಷ್ಠಿಯಲ್ಲಿ ಬರೆದುಬಿಟ್ಟ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ವಾಯವ್ಯ ಭಾರತದ ಲಿಪಿ. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಸುಮಾರು 2250 ವರ್ಷದ ಹಿಂದೆ, ಊರು ಬಿಟ್ಟು ಇಷ್ಟು ದೂರ ಬಂದ ಒಬ್ಬ ಕೂಲಿ ಅಕ್ಷರಗಾರ ಕಲ್ಲಿನ ಅಂಚಿನಲ್ಲಿ ತನ್ನ ಕೈಯನ್ನು ಬಿಟ್ಟುಹೋದ. ನನ್ನ ಕಸುಬಿನವನು! ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಇರುವ ನಿಮಗೆ ಇದು ಅರ್ಥವಾಗಬೇಕು.

ನಮ್ಮ ಹಳದಿ ಕೆಂಪು ಬಾವುಟವನ್ನೇ ತೆಗೆದುಕೊಳ್ಳಿ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಅದನ್ನು ರೂಪಿಸಿದಾಗ ಬಣ್ಣಕ್ಕೆ ದೂರ ಹೋಗಲಿಲ್ಲ. ಹೊಸಿಲಲ್ಲೇ ಇದ್ದ ಅರಿಶಿನ, ಕುಂಕುಮ. ಅದಕ್ಕೇ ಅದು ಹಳ್ಳಿ ಹಳ್ಳಿಗೂ ಇಳಿಯಿತು.

ಆದರೆ ಒಂದು ಜಗಳ ನನಗೆ ನಮ್ಮ ಸಂಘಟನೆಯ ಗೆಳೆಯರ ಜೊತೆಗೂ ಇದೆ. "ಅಣ್ಣಾ, ಹಸೆ ಚಿತ್ತಾರ ಚೆನ್ನಾಗಿದೆ, ಎಲ್ಲಾ ಕರಪತ್ರಕ್ಕೂ ಅದನ್ನೇ ಹಾಕಿ" ಅಂತ ಬರುತ್ತಾರೆ. ಹಾಕುವುದಿಲ್ಲ ಅಂದೆ. ಅದು ದೀವರ ಮನೆಯ ಮದುವೆಯ ಗೋಡೆ. ಅದನ್ನು ಕಾಪಿ ಹೊಡೆದು ಬಯಲುಸೀಮೆಯ ನಾನು ನನ್ನದು ಅಂದರೆ ಕಾರ್ಡಿನ ಕಂಪನಿಗೂ ನನಗೂ ಏನು ವ್ಯತ್ಯಾಸ? ಬೇಕಾದರೆ ಆ ಹೆಣ್ಣುಮಕ್ಕಳಿಂದಲೇ ಬರೆಸಿ, ದುಡ್ಡು ಕೊಡಿ, ಹೆಸರು ಹಾಕಿ. ಕನ್ನಡದ ಅಲಂಕಾರ ಅಂತ ಒಂದೇ ಅಚ್ಚು ಇಲ್ಲ ಸ್ವಾಮಿ. ಚಳ್ಳಕೆರೆ ಕಂಬಳಿಯ ಅಂಚು ಬೇರೆ, ಇಳಕಲ್ ಸೆರಗು ಬೇರೆ. ನಿಮ್ಮ ಮನೆಯದು ಯಾವುದು ಅಂತ ನೀವೇ ಹುಡುಕಬೇಕು.

ಪತ್ರಿಕೆ ಏನಾಯಿತು ಅಂತ ಕೇಳುತ್ತೀರಿ. ಎಲ್ಲರೂ ಹೊಗಳಿದರು ಅಂತ ಸುಳ್ಳು ಹೇಳಲಾರೆ. ಗಂಡಿನ ಕಡೆಯವರು "ಇದೇನು, ಅಂಗಳದ ರಂಗೋಲಿ ತಂದು ಕಾರ್ಡಿಗೆ ಹಾಕಿದ್ದೀರಿ, ಖರ್ಚಿಗೆ ಹಿಂದೆ ನೋಡಿದಿರಾ" ಅಂದರು. ಕೊನೆಗೆ ಅವರಿಗೆ ಮುನ್ನೂರು ಚಿನ್ನದ ಗೆರೆಯ ಕಾರ್ಡು, ನಮ್ಮ ಕಡೆಗೆ ಇನ್ನೂರು ಅಕ್ಕನ ಎಳೆಯ ಕಾರ್ಡು. ಮದುಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವಳು, ಹುಟ್ಟಿದಾಗಿನಿಂದ ಒಂದು ಚುಕ್ಕಿ ಇಟ್ಟವಳಲ್ಲ. ಧಾರೆಯ ಹಿಂದಿನ ರಾತ್ರಿ ಕಾರ್ಡನ್ನು ಮುಂದಿಟ್ಟುಕೊಂಡು ಬಾಗಿಲಲ್ಲಿ ಎಳೆ ಸುತ್ತುತ್ತಾ ಕೂತಿದ್ದಳು. ಒಂದು ಚುಕ್ಕಿ ಒಂಟಿಯಾಗಿ ಉಳಿದಿತ್ತು. ಅಕ್ಕ ಅಳಿಸಿದಳು, ಮತ್ತೆ ಹಾಕು ಅಂದಳು.

ನನ್ನ ಪ್ರೆಸ್ಸು ಭಾನುವಾರ ಮಧ್ಯಾಹ್ನದ ಮೇಲೂ ತೆರೆದಿರುತ್ತದೆ. ನಿಮ್ಮ ಅವ್ವ, ಅಜ್ಜಿ, ಅತ್ತೆ ಯಾರ ಕೈಯದಾದರೂ ಒಂದು ಎಳೆ ಬರೆಸಿಕೊಂಡು ಬನ್ನಿ. ಫೋಟೋ ಹೊಡೆದು ತರಬೇಡಿ, ಪಕ್ಕದಲ್ಲಿ ಕೂತು ನೀವೇ ಬರೆದು ತನ್ನಿ. ಅಂಚು ಜೋಡಿಸಿಕೊಡಲು ಕಾಸು ತೆಗೆದುಕೊಳ್ಳುವುದಿಲ್ಲ. ಕಾಗದದ ದುಡ್ಡು ಮಾತ್ರ ಕೊಡಬೇಕು, ಅದು ನನಗೂ ಬಿಟ್ಟಿ ಬರುವುದಿಲ್ಲ.