ಮಗುವಿನ ರಕ್ಷಣೆಯೂ ನಮ್ಮ ಶಾಲೆಯೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಗಟ್ಟುವಿನಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಹಿರಿಮೆಯನ್ನು ಹೇಳುವುದು ರೂಢಿ. ಅದನ್ನು ನನಗಿಂತ ಸೊಗಸಾಗಿ ಹೇಳಬಲ್ಲವರು ಇಲ್ಲಿದ್ದಾರೆ. ನಾನು ಆರಿಸಿಕೊಂಡಿರುವುದು ಚಿಕ್ಕವರ ವಿಷಯ. ನಮ್ಮ ಪ್ರಾಥಮಿಕ ಶಾಲೆಗೆ ಹೋಗುವ ಮಗು ಸುರಕ್ಷಿತವಾಗಿದೆಯೆ, ಸುಖವಾಗಿದೆಯೆ ಎಂಬುದೇ ಆ ವಿಷಯ. ಇದಕ್ಕೆ ಉತ್ತರವನ್ನು ಅರಸಿ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಶ್ರಾವಣದಿಂದ ದೀಪಾವಳಿಯವರೆಗಿನ ಪುಟಗಳನ್ನು ತಿರುವಿ ನೋಡಿದರೆ ಸಾಕು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಮ್ಮ ಈ ನೆಲವನ್ನು ತೆಲುಗಿನಲ್ಲಿ ನಡಿಗಡ್ಡ ಎಂದು ಕರೆಯುತ್ತಾರೆ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ದಿನ ಇವು ಮಹಬೂಬನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಗಟ್ಟುವಿನಿಂದ ಮಖ್ತಲ್, ಕೃಷ್ಣಾ, ನಾರಾಯಣಪೇಟೆಗಳವರೆಗೆ ಗಡಿಯುದ್ದಕ್ಕೂ ಕನ್ನಡದಲ್ಲಿ ಅತ್ತು ಕನ್ನಡದಲ್ಲಿ ನಗುವ ಮಕ್ಕಳು ಇಂದಿಗೂ ಇದ್ದಾರೆ. ಆದರೆ ಇನ್ನೊಂದು ಸಂಗತಿಯೂ ಬದಲಾಗಲಿಲ್ಲ. ಸಾಕ್ಷರತೆಯಲ್ಲಿ, ಅದರಲ್ಲಿಯೂ ಸ್ತ್ರೀಯರ ಸಾಕ್ಷರತೆಯಲ್ಲಿ, ಬಹಳ ಹಿಂದುಳಿದ ಮಂಡಲಗಳ ಮಾತು ಬಂದಾಗ ಗಟ್ಟುವಿನ ಹೆಸರು ಬಾರದೆ ಇರುವುದಿಲ್ಲ. ಕೇಂದ್ರ ಸರಕಾರವು 2023ರಲ್ಲಿ ದೇಶದ 500 ಹಿಂದುಳಿದ ಬ್ಲಾಕುಗಳನ್ನು ಆರಿಸಿ ಮೇಲೆತ್ತಲು ಹೊರಟಾಗ ಅವುಗಳಲ್ಲಿ ಗಟ್ಟುವೂ ಒಂದಾಯಿತು. ಇದು ನಾಚಿಕೆಯ ಮಾತಲ್ಲ. ಆದರೆ ಕಾರಣವನ್ನು ಕೇಳಿಕೊಳ್ಳದೆ ಇರುವುದು ನಾಚಿಕೆಯ ಮಾತು.

ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಕಣ್ಣೆದುರಿಗೇ ಇರುವುದು ಒಂದು ಹೂವು: ಹತ್ತಿಯ ಹೂವು.

1970ರಲ್ಲಿ ಗುಜರಾತಿನ ಸೂರತ್ತಿನಿಂದ ಎಚ್-4 ಎಂಬ ಮಿಶ್ರತಳಿಯ ಹತ್ತಿ ಹೊರಬಂದಿತು. 1972ರಲ್ಲಿ ನಮ್ಮ ಧಾರವಾಡದಿಂದಲೇ ವರಲಕ್ಷ್ಮಿ ಎಂಬ ತಳಿ ಬಂದಿತು. ಇಂತಹ ತಳಿಗಳ ಇಳುವರಿ ಹೆಚ್ಚು. ಆದರೆ ಬೆಳೆದ ಹತ್ತಿಯ ಬೀಜವನ್ನೇ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಆ ಗುಣ ನಿಲ್ಲದು. ಆದುದರಿಂದ ಪ್ರತಿವರ್ಷವೂ ಬೀಜವನ್ನು ಹೊಸದಾಗಿ ಕೈಯಿಂದಲೇ ಮಾಡಬೇಕು. ಆ ಬೀಜದ ಹತ್ತಿಗೆ ಗದ್ವಾಲ ಸೀಮೆ ದೇಶದಲ್ಲಿಯೇ ಹೆಸರಾಗಿದೆ.

ಕೆಲಸದ ಬಗೆಯನ್ನು ನೀವು ಬಲ್ಲಿರಿ. ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗುಗಳನ್ನು ಗಿಡಗಿಡದಲ್ಲಿಯೂ ಹುಡುಕಿ, ಉಗುರಿನಿಂದ ದಳಗಳನ್ನೂ ಕೇಸರಗಳನ್ನೂ ಬಿಡಿಸಿ, ನಡುವಣ ಶಲಾಕೆ ಮುರಿಯದಂತೆ ಉಳಿಸಿ ಗುರುತು ಇಡಬೇಕು. ಮಾರನೆಯ ಬೆಳಗ್ಗೆ, ಬಿಸಿಲು ಏರುವುದರೊಳಗೆ, ಗಂಡು ಹೂವನ್ನು ತಂದು ಅದರ ಪರಾಗವನ್ನು ಆ ಶಲಾಕೆಗೆ ಸವರಬೇಕು. ಇದನ್ನೇ ನಮ್ಮ ಊರುಗಳಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಎರಡು ಮೂರು ತಿಂಗಳು ಇದು ದಿನವೂ ನಡೆಯಬೇಕು. ಹೂವು ಯಾರಿಗಾಗಿಯೂ ಕಾಯುವುದಿಲ್ಲ. ಬೆಳಗ್ಗೆಯೂ ಕೆಲಸ, ಮಧ್ಯಾಹ್ನವೂ ಕೆಲಸ. ಶಾಲೆಯ ಗಂಟೆ ಬಾರಿಸುವ ಹೊತ್ತೂ ಅದೇ ಅಲ್ಲವೆ?

ಈ ಕೆಲಸಕ್ಕೆ ಮಕ್ಕಳ ಬೆರಳೇ ಸರಿ, ಮಕ್ಕಳ ಎತ್ತರವೇ ಸರಿ ಎಂದು ಹೇಳುವವರಿದ್ದಾರೆ. ಗಿಡ ಸೊಂಟದೆತ್ತರ ಬೆಳೆದ ಮೇಲೆ ದೊಡ್ಡವರು ಮಾಡಲಾಗದ ಕೆಲಸವೇನೂ ಅದಲ್ಲ. ಮಕ್ಕಳ ಕೂಲಿ ಕಡಮೆ, ಮಕ್ಕಳು ಎದುರಾಡುವುದಿಲ್ಲ, ಬೇಸಗೆಯಲ್ಲಿಯೇ ತಂದೆತಾಯಿಗಳ ಕೈಗೆ ಮುಂಗಡ ಕೊಟ್ಟರೆ ಹಂಗಾಮು ಮುಗಿಯುವವರೆಗೆ ಮಗು ಕಟ್ಟುಬಿದ್ದಂತೆಯೇ. ನಿಜವಾದ ಕಾರಣ ಇದು. 1990ರ ದಶಕದ ಕೊನೆಯಿಂದಲೂ ದಾವುಲೂರಿ ವೆಂಕಟೇಶ್ವರ್ಲು ಮೊದಲಾದ ಅಧ್ಯಯನಕಾರರು ಈ ಹೊಲಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಬರೆಯುತ್ತ ಬಂದಿದ್ದಾರೆ. ಆ ಮಕ್ಕಳಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ಔಷಧ ಹೊಡೆದ ಗಿಡಗಳ ನಡುವೆ ದಿನವಿಡೀ ನಿಂತು ತಲೆನೋವು, ವಾಕರಿಕೆ, ಚರ್ಮದ ಉರಿಗಳನ್ನು ಅನುಭವಿಸುವವರೂ ಅವರೇ. ಅಂದಿಗಿಂತ ಇಂದು ಇದು ಕಡಮೆಯಾಗಿದೆ, ಪೂರ್ಣವಾಗಿ ನಿಂತಿಲ್ಲ.

ಬೆಳೆಗಾರನನ್ನು ಮಾತ್ರ ದೂರಿದರೆ ನ್ಯಾಯವಾಗದು. ಬೀಜದ ಕಂಪನಿಗೂ ರೈತನಿಗೂ ನಡುವೆ ಆರ್ಗನೈಸರ್ ಎಂಬ ಮಧ್ಯಸ್ಥನಿದ್ದಾನೆ. ಬೀಜಕ್ಕೆ ಕೊಡುವ ಬೆಲೆ ಬೆಳೆಗಾರನ ಕೈಯಲ್ಲಿಲ್ಲ. ದೊಡ್ಡವರ ಕೂಲಿ ಗಿಟ್ಟುವಷ್ಟು ಬೆಲೆ ಬಾರದಿದ್ದರೆ ಅವನು ತನ್ನ ಮಗಳನ್ನೋ ನೆರೆಯವರ ಮಗಳನ್ನೋ ಸಾಲಿನಲ್ಲಿ ನಿಲ್ಲಿಸುತ್ತಾನೆ. ಕಡೆಗೆ ಆ ಬೆಲೆಯ ಕೊರತೆಯನ್ನು ತುಂಬಿಕೊಡುವವಳು ಹತ್ತು ವರ್ಷದ ಹುಡುಗಿ.

ಕಾನೂನು ಇಲ್ಲವೆ ಎಂದು ಕೇಳಬಹುದು. ಸಂವಿಧಾನದ 24ನೆಯ ವಿಧಿ ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಗಳಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದೂರವಿರಿಸಿತು. 1986ರ ಕಾಯಿದೆ ಕೆಲವು ಕಸುಬುಗಳನ್ನು ಮಾತ್ರ ಹೆಸರಿಸಿ ನಿಷೇಧಿಸಿತು. 2016ರ ತಿದ್ದುಪಡಿಯಿಂದ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇರಿಸಿಕೊಳ್ಳಬಾರದೆಂಬ ನಿಯಮ ಬಂದಿತು. ಆದರೆ ಅಪಾಯವಿಲ್ಲದ ಮನೆಯ ಕಸುಬಿನಲ್ಲಿ, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಮಗು ಕೈಗೂಡಿಸಬಹುದೆಂದು ಒಂದು ಕಿಂಡಿಯನ್ನು ಉಳಿಸಿದ್ದಾರೆ. ಹೊಲ ನಮ್ಮದೇ, ಮಗಳು ನಮ್ಮವಳೇ ಎಂದು ನಾವು ಆ ಕಿಂಡಿಯನ್ನು ಹೆಬ್ಬಾಗಿಲನ್ನಾಗಿ ಮಾಡಿಕೊಂಡರೆ ಯಾವ ಅಧಿಕಾರಿ ಬಂದು ಏನು ಮಾಡಿಯಾನು?

ಆದಕಾರಣ ಮಗುವಿನ ಮೊದಲನೆಯ ರಕ್ಷಣೆ ಅದು ದಿನವೂ ಶಾಲೆಯಲ್ಲಿ ಇರುವುದೇ ಆಗಿದೆ. ಇದನ್ನು ಬಹಳ ಸ್ಪಷ್ಟವಾಗಿ ಕಂಡವರು ಶಾಂತಾ ಸಿನ್ಹಾ ಅವರು. 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಎಂ. ವೆಂಕಟರಂಗಯ್ಯ ಪ್ರತಿಷ್ಠಾನದ ಮೂಲಕ ದುಡಿಯುವ ಮಕ್ಕಳನ್ನು ಶಾಲೆಗೆ ತರುವ ಕೆಲಸದಲ್ಲಿ ತೊಡಗಿದ ಅವರು, ಶಾಲೆಯ ಹೊರಗಿರುವ ಪ್ರತಿಯೊಂದು ಮಗುವೂ ದುಡಿಯುವ ಮಗುವೇ ಎಂದು ಎಣಿಸಿದರು. ಬಡವರಿಗೆ ಮಕ್ಕಳನ್ನು ಓದಿಸುವ ಮನಸ್ಸಿಲ್ಲವೆಂಬ ಮಾತನ್ನು ಅವರು ಒಪ್ಪಲಿಲ್ಲ. ಶಿಬಿರಗಳಲ್ಲಿ ಮಕ್ಕಳಿಗೆ ತಪ್ಪಿಹೋದ ಪಾಠಗಳನ್ನು ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2007ರಲ್ಲಿ ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗದ ಮೊದಲನೆಯ ಅಧ್ಯಕ್ಷೆಯಾದರು.

ಆದರೆ ಮಗುವನ್ನು ಶಾಲೆಗೆ ತಂದು ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆ? ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಾನು ಬಹಳ ವರ್ಷ ಪಾಠ ಹೇಳಿದವನು. ಗಡಿಯ ಒಂದು ಊರಿನ ತೆಲುಗು ಶಾಲೆಯಲ್ಲಿದ್ದಾಗ ನನ್ನ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹಂಗಾಮಿನ ದಿನಗಳಲ್ಲಿ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಒಂದು ದಿನ ಬಂದಾಗ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ತೆಲುಗಿನಲ್ಲಿ ಗದರಿಸಿ ಕೇಳಿದೆ. ಅವಳು ಸುಮ್ಮನೆ ನಿಂತಳು. ಮೌನವನ್ನು ಮೊಂಡುತನವೆಂದು ತಿಳಿದು ಗಂಟೆ ಹೊಡೆಯುವವರೆಗೆ ಅವಳನ್ನು ನಿಲ್ಲಿಸಿದೆ. ಅವಳ ಉಗುರುಗಳ ಸುತ್ತ ಚರ್ಮ ಸುಲಿದಿದ್ದುದನ್ನು ಕಂಡೆ. ಅದರ ಅರ್ಥವನ್ನು ಕಾಣಲಿಲ್ಲ. ಅವಳ ಮನೆಮಾತು ಕನ್ನಡ. ನನ್ನ ಮನೆಮಾತೂ ಕನ್ನಡವೇ. ಅವಳದೇ ಮಾತಿನಲ್ಲಿ, ಯಾಕವ್ವಾ, ನಿನ್ನೆ ಯಾಕ ಬಂದಿಲ್ಲ ಎಂದು ಮೆಲ್ಲನೆ ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಮರುದಿನ ಅವಳು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಹೊಲದ ಯಜಮಾನ ಅವಳನ್ನು ಶಾಲೆಯಿಂದ ಅರ್ಧ ಬಿಡಿಸಿದ್ದ. ಉಳಿದರ್ಧವನ್ನು ಬಿಡಿಸಿದವನು ನಾನು.

ಆ ದಿನ ನಾನು ಮಾಡಿದ್ದು ತಪ್ಪೆಂದು ಈಗ ಕಾಯಿದೆಯೂ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ದೈಹಿಕವಾಗಿ ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಅದೇ ಕಾಯಿದೆಯ 29ನೆಯ ಪ್ರಕರಣದಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿ ಬಂದಿವೆ. ಸಾಧ್ಯವಾದ ಮಟ್ಟಿಗೆ ಮಗುವಿಗೆ ಅದರ ತಾಯ್ನುಡಿಯಲ್ಲಿಯೇ ಕಲಿಸಬೇಕೆಂಬುದು ಒಂದು. ಮಗುವನ್ನು ಭಯದಿಂದ ಬಿಡಿಸಿ, ತನ್ನ ಮನಸ್ಸಿನಲ್ಲಿರುವುದನ್ನು ಅದು ನಿಸ್ಸಂಕೋಚವಾಗಿ ಹೇಳುವಂತೆ ಮಾಡಬೇಕೆಂಬುದು ಅದರ ಮಗ್ಗುಲಿನದು. ಇವೆರಡೂ ಅಕ್ಕಪಕ್ಕದಲ್ಲಿರುವುದು ನನಗೆ ಬಹಳ ಉಚಿತವಾಗಿ ತೋರುತ್ತದೆ. ತನ್ನ ನೋವನ್ನು ಹೇಳಿಕೊಳ್ಳಲು ಮಾತಿಲ್ಲದ ಮಗುವಿಗೆ ಯಾವ ಕಾಯಿದೆಯ ರಕ್ಷಣೆಯೂ ಮುಟ್ಟುವುದಿಲ್ಲ. ಹಸಿವಾದರೆ, ಹೊಟ್ಟೆ ನೊಂದರೆ, ಹಿರಿಯ ಹುಡುಗರು ಹೊಡೆದರೆ, ಮುಟ್ಟಬಾರದ ರೀತಿಯಲ್ಲಿ ಯಾರಾದರೂ ಮುಟ್ಟಿದರೆ, ಅದನ್ನು ಆರೇಳು ವರ್ಷದ ಮಗು ಕಲಿತ ಭಾಷೆಯಲ್ಲಿ ಹೇಳಲಾರದು. ತಾಯಿಯೊಡನೆ ಆಡುವ ಮಾತಿನಲ್ಲಿಯೇ ಹೇಳಬೇಕು.

ಭಾಷೆಯ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದುದು 1956ರಲ್ಲಿ, ನಾವು ಗಡಿಯ ಈಚೆಗೆ ಬಂದ ವರ್ಷದಲ್ಲಿಯೇ. ಕನ್ನಡ ಶಾಲೆಗೆ ಉಪಾಧ್ಯಾಯರು ಬೇಕು, ಪಠ್ಯಪುಸ್ತಕ ವೇಳೆಗೆ ಬರಬೇಕು ಎಂದು ಸಂಘಗಳು ಕೇಳುವುದು ಯೋಗ್ಯವೇ. ಅದನ್ನು ನಾವು ಕೇವಲ ಭಾಷೆಯ ಅಭಿಮಾನಕ್ಕಾಗಿ ಕೇಳದೆ ಮಗುವಿನ ರಕ್ಷಣೆಗಾಗಿ ಕೇಳೋಣ. ಆಗ ನಮ್ಮ ಬೇಡಿಕೆಗೆ ಇನ್ನೂ ಹೆಚ್ಚು ಬಲ ಬರುತ್ತದೆ. ಆದರೆ ಕನ್ನಡ ಶಾಲೆಗಾಗಿ ಅರ್ಜಿ ಬರೆಯುವ ಕೈಯೇ ಮಗಳನ್ನು ಹೊಲಕ್ಕೆ ಕರೆದೊಯ್ದರೆ, ಆ ಶಾಲೆಯಲ್ಲಿ ಕೂರುವವರು ಯಾರು? ಮಕ್ಕಳಿಲ್ಲದ ಶಾಲೆಯನ್ನು ಮುಚ್ಚಿದರೆ ನಾವು ಯಾರನ್ನು ದೂರೋಣ?

ಈ ಸಭೆಯಲ್ಲಿ ನಾನು ಬಿನ್ನವಿಸಿಕೊಳ್ಳುವ ಕೆಲಸಗಳು ನಾಲ್ಕು.

ಮೊದಲನೆಯದು, ಬೇಸಗೆಯಲ್ಲಿ ಬರುವ ಮುಂಗಡಕ್ಕೆ ಮಗುವಿನ ಲೆಕ್ಕದಲ್ಲಿ ಕೈಯೊಡ್ಡುವುದಿಲ್ಲವೆಂದು ನಮ್ಮ ಮನೆಗಳಲ್ಲಿ ನಿಶ್ಚಯವಾಗಬೇಕು. ಬೆಳೆಗಾರರು ಒಟ್ಟಾಗಿ ಆರ್ಗನೈಸರುಗಳ ಮುಂದೆ ಕುಳಿತು, ದೊಡ್ಡವರ ಕೂಲಿ ಗಿಟ್ಟುವ ಬೆಲೆಯನ್ನು ಕೇಳಬೇಕು.

ಎರಡನೆಯದು, ಶಾಲಾ ನಿರ್ವಹಣ ಸಮಿತಿ ಬರಿಯ ರುಜು ಹಾಕುವ ಸಮಿತಿಯಾಗಿ ಉಳಿಯಬಾರದು. ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ಕಾಯಿದೆ ಹೇಳುತ್ತದೆ. ಹಂಗಾಮಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಸಮಿತಿಯವರು ಹಾಜರಿ ಪುಸ್ತಕವನ್ನು ನೋಡಿ, ಮೂರು ದಿನ ಬಾರದ ಮಗುವಿನ ಮನೆಗೆ ಹೋಗಿ ಬರಲಿ. ಹೋದವರು ಬಯ್ಯಬಾರದು, ವಿಚಾರಿಸಬೇಕು. ಮಧ್ಯಾಹ್ನದ ಊಟ ಬಿಸಿಯಾಗಿದೆಯೆ, ಕುಡಿಯುವ ನೀರಿದೆಯೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇದೆಯೆ ಎಂಬುದನ್ನೂ ಅವರೇ ನೋಡಲಿ.

ಮೂರನೆಯದು, ಉಪಾಧ್ಯಾಯ ಬಂಧುಗಳಲ್ಲಿ ನನ್ನ ಪ್ರಾರ್ಥನೆ. ಪಾಠ ತೆಲುಗಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಕುಶಲಪ್ರಶ್ನೆ ಮಗುವಿನ ಮಾತಿನಲ್ಲಿಯೇ ಇರಲಿ. ಕನ್ನಡ ಬಾರದ ಉಪಾಧ್ಯಾಯರಿದ್ದರೆ ಊರಿನ ಒಬ್ಬ ತಾಯಿಯೋ ಅಂಗನವಾಡಿಯ ಅಕ್ಕನೋ ನೆರವಾಗಲಿ.

ನಾಲ್ಕನೆಯದು, ಮಗು ಹೇಳಿದ್ದನ್ನು ನಂಬಬೇಕು. ಮನೆತನದ ಮರ್ಯಾದೆಯ ಹೆಸರಿನಲ್ಲಿ ಅದರ ಬಾಯಿ ಮುಚ್ಚಿಸಬಾರದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಕಾಯಿದೆಯಂತೆ, ಇಂತಹ ಸಂಗತಿ ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ಕಷ್ಟದಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ ಹಗಲಿರುಳು 1098ಕ್ಕೆ ಫೋನು ಮಾಡಬಹುದು. ಆ ಸಂಖ್ಯೆಯನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿಯೂ ಬರೆಸುವ ಖರ್ಚನ್ನು ನಮ್ಮ ಸಂಘ ಹೊತ್ತುಕೊಂಡರೆ, ಈ ವಾರ್ಷಿಕೋತ್ಸವ ಸಾರ್ಥಕವಾದೀತು.

ಮಹನೀಯರೆ, ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವೆಲ್ಲ ಬಯಸುತ್ತೇವೆ. ಕನ್ನಡ ಉಳಿಯುವುದು ಫಲಕಗಳ ಮೇಲಲ್ಲ, ಮಕ್ಕಳ ಬಾಯಿಯಲ್ಲಿ. ಆ ಬಾಯಿಗೆ ಅನ್ನ, ಅಕ್ಷರ, ಅಭಯ ಈ ಮೂರೂ ಬೇಕು. ಈ ಸಲದ ಶ್ರಾವಣ ಬಂದಾಗ, ಹತ್ತಿಯ ಹೂವು ಅರಳಿದಾಗ, ಯಾವುದೋ ತರಗತಿಯಲ್ಲಿ ಒಂದು ಸ್ಥಳ ಖಾಲಿಯಾಗುತ್ತದೆ. ಅಂದೇ ಸಂಜೆ ನಮ್ಮಲ್ಲಿ ಒಬ್ಬರಾದರೂ ಆ ಮನೆಯ ಬಾಗಿಲಿಗೆ ಹೋಗಿ, ಯಾಕವ್ವಾ, ಇವತ್ತು ಯಾಕ ಬಂದಿಲ್ಲ ಎಂದು ಅವಳ ಮಾತಿನಲ್ಲಿ ಕೇಳೋಣ. ನಾನು ಕೇಳದೆ ಹೋದ ಪ್ರಶ್ನೆಯನ್ನು ನೀವು ಕೇಳಿದರೆ ನನ್ನ ಋಣ ಸ್ವಲ್ಪವಾದರೂ ತೀರಿದಂತಾಗುತ್ತದೆ.