ಕೋವಿಯ ನಳಿಗೆಗೆ ಎಂಥ ಉಕ್ಕು?

ಕೋವಿ ಹೇಗೆ ಹಾರುತ್ತದೆ ಎಂದು ವಿವರಿಸುತ್ತ ಕೂರುವುದಿಲ್ಲ. ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ನೂಕುತ್ತದೆ, ನಳಿಗೆಯೊಳಗಿನ ಸುರುಳಿ ಗೀರುಗಳು ಅದನ್ನು ಗಿರ್ರನೆ ತಿರುಗಿಸಿ ಆಚೆ ಕಳಿಸುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿರುವಂಥದ್ದೇ. ನನ್ನ ಮಾತು ರೈಫಲ್ ನಳಿಗೆಯ ಉಕ್ಕಿನ ಬಗ್ಗೆ. ಗುರಿಕಾರರು ಸೇರಿದ ಕಡೆ ಈ ಚರ್ಚೆ ಏಳದೆ ಇರುವುದಿಲ್ಲ, ಎದ್ದರೆ ಒಂದೇ ದಿಕ್ಕಿಗೆ ಹೊರಳುತ್ತದೆ: ಯಾವ ಉಕ್ಕು ಎಲ್ಲಕ್ಕಿಂತ ಗಟ್ಟಿಯೋ ಅದನ್ನೇ ಹಾಕಬೇಕು. ನನ್ನ ವಾದ ಇದಕ್ಕೆ ತದ್ವಿರುದ್ಧ. ನಳಿಗೆಗೆ ಬೇಕಾದದ್ದು ಗಟ್ಟಿತನವಲ್ಲ, ಉದ್ದಕ್ಕೂ ಒಂದೇ ಹದ. ಕೊಯ್ದರೆ ನಯವಾಗಿ ಕೊಯ್ಯಿಸಿಕೊಳ್ಳಬೇಕು, ಒತ್ತಡ ಮಿತಿ ಮೀರಿದರೆ ಉಬ್ಬಬೇಕೇ ಹೊರತು ಚೂರಾಗಬಾರದು. ಇಂದು ಬಹುಪಾಲು ನಳಿಗೆಗಳಿಗೆ ಬಳಸುವ ಕ್ರೋಮ್-ಮಾಲಿ ಉಕ್ಕು, ಅಂದರೆ 4140, ರಾಕ್‌ವೆಲ್ ಅಳತೆಯಲ್ಲಿ 30ರ ಆಸುಪಾಸು. ಅಂಗಡಿಯಲ್ಲಿ ಸಿಗುವ ಅರ 60 ದಾಟಿರುತ್ತದೆ. ನಳಿಗೆಯ ಮೇಲೆ ಅರ ಇಟ್ಟು ಎಳೆದರೆ ಚೆನ್ನಾಗಿಯೇ ಹಿಡಿಯುತ್ತದೆ. ವಾತಾವರಣದ ನಾಲ್ಕು ಸಾವಿರ ಪಟ್ಟು ಒತ್ತಡ ತಡೆಯುವ ಲೋಹ ಅದು! ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರು ಜೋಡಿ ನಳಿಗೆಯ ತೋಟಾ ಕೋವಿ ಹಿಡಿದಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದರ ಒತ್ತಡ ರೈಫಲ್ಲಿನದರ ಐದನೇ ಒಂದು ಪಾಲೂ ಇರುವುದಿಲ್ಲ.

ಗಟ್ಟಿತನದ ಪಕ್ಷದವರು ಕೇಳುತ್ತಾರೆ: ಮೆತ್ತಗಿದ್ದರೆ ಬೇಗ ಸವೆಯುವುದಿಲ್ಲವೇ? ನಳಿಗೆಯನ್ನು ಸವೆಸುವುದು ಗುಂಡಿನ ಉಜ್ಜಾಟ ಎಂದುಕೊಂಡರೆ ಈ ಪ್ರಶ್ನೆ ಸರಿ. ಆದರೆ ಬ್ರಿಟಿಷರ ಅನುಭವ ಬೇರೆಯದನ್ನೇ ಹೇಳುತ್ತದೆ. 1888ರ ಲೀ-ಮೆಟ್‌ಫರ್ಡ್ ರೈಫಲ್ಲಿನ ನಳಿಗೆಯಲ್ಲಿ ಏಳು ಗೀರುಗಳು, ಆಳ ಕಡಿಮೆ, ಅಂಚು ದುಂಡಗೆ. ಕರಿಮದ್ದಿನ ಮಸಿ ಕಟ್ಟಿಕೊಳ್ಳಬಾರದೆಂದು ವಿಲಿಯಂ ಮೆಟ್‌ಫರ್ಡ್ ಮಾಡಿದ ಸೊಗಸಾದ ಏರ್ಪಾಡು. ಅದರೊಳಗೆ ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದದ್ದೇ ತಡ, ಗೀರುಗಳು ಕರಗತೊಡಗಿದವು. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಮದ್ದಿನ ಜ್ವಾಲೆ 2,500 ದಾಟುತ್ತದೆ. ಗುಂಡು ಹೊರಡುವ ಕೊರಳಿನಲ್ಲಿ ಒಳಮೈ ಕ್ಷಣಮಾತ್ರ ಕಾದು, ಮರುಕ್ಷಣ ತಣಿದು, ಬೇಸಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಅಷ್ಟು ಕಾವಿಗೆ ಸಿಕ್ಕ ಉಕ್ಕು ಗಟ್ಟಿಯದಾದರೂ ಒಂದೇ, ಮೆತ್ತನೆಯದಾದರೂ ಒಂದೇ. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯವರು ಐದು ಆಳವಾದ, ಚೌಕ ಅಂಚಿನ ಗೀರುಗಳಿಗೆ ಬದಲಾಯಿಸಿದರು. 1901ರಲ್ಲಿ ಮದ್ದನ್ನೇ ತಣ್ಣಗಾಗಿಸಿ, ನೈಟ್ರೋಗ್ಲಿಸರಿನ್ ಪಾಲನ್ನು ನೂರಕ್ಕೆ 58ರಿಂದ 30ಕ್ಕೆ ಇಳಿಸಿದರು. ನೋಡಿ, ಎರಡು ಪರಿಹಾರದಲ್ಲೂ ಉಕ್ಕನ್ನು ಗಡಸು ಮಾಡುವ ಮಾತೇ ಇಲ್ಲ.

ಗಟ್ಟಿತನದ ಮಾತು ಹಾಗಿರಲಿ, ಒಂದೇ ಹದ ಏಕೆ ಬೇಕೆಂದು ಹೇಳುವಾಗ ಹ್ಯಾರಿ ಪೋಪ್ ಹೆಸರು ಎತ್ತದಿರಲು ನನ್ನಿಂದಾಗದು. 1861ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ ಈ ಅಮೆರಿಕನ್, ಮೊದಲು ಹಾರ್ಟ್‌ಫರ್ಡ್‌ನಲ್ಲಿ, ಕೊನೆಗೆ ಜರ್ಸಿ ಸಿಟಿಯಲ್ಲಿ ನಳಿಗೆ ಕೊರೆದು ಬದುಕಿದವನು. ಅವನ ಕೆಲಸದ ಪದ್ಧತಿ ಗಮನಿಸಿ: ಉಕ್ಕಿನ ಸರಳಿನ ತುದಿಯಲ್ಲಿ ಒಂದೇ ಒಂದು ಪುಟ್ಟ ಉಳಿ. ನಳಿಗೆಯೊಳಗೆ ಅದನ್ನು ತಿರುಗಿಸುತ್ತ ಎಳೆದರೆ ಕೂದಲಿಗಿಂತ ತೆಳುವಾದ ಸಿಪ್ಪೆ ಬರುತ್ತದೆ. ಸಿಪ್ಪೆ ಒರೆಸು, ಎಣ್ಣೆ ಹಚ್ಚು, ಪಕ್ಕದ ಗೀರಿಗೆ ಹೋಗು. ಎಂಟೂ ಗೀರು ಮುಗಿದ ಮೇಲೆ ಉಳಿಯನ್ನು ಒಂದಿಷ್ಟೇ ಮೇಲೆತ್ತಿ ಮತ್ತೆ ಮೊದಲಿಂದ. ಉಕ್ಕಿನಲ್ಲಿ ಒಂದು ಕಡೆ ಗಂಟು, ಒಂದು ಕಡೆ ಮೆದು ಇದ್ದರೆ ಉಳಿ ಅಲ್ಲಲ್ಲಿ ಹಾರುತ್ತದೆ, ಅಷ್ಟು ಹೊತ್ತಿನ ಕೆಲಸ ನೀರುಪಾಲು. ಆಗಿನ ಕಾಲದ ಉಕ್ಕು ಇಂದಿನದರ ಮುಂದೆ ಸಾದಾ. ಎದುರಿಗಿದ್ದದ್ದು ಸೀಸದ ಗುಂಡು. ಆದರೂ 1901ರಲ್ಲಿ ಪೋಪ್ ನಳಿಗೆಯಿಂದ ಗುರಿಕಾರ ಸಿ. ಡಬ್ಲ್ಯು. ರೋಲೆಂಡ್ 200 ಗಜ ದೂರಕ್ಕೆ ಹಾರಿಸಿದ ಹತ್ತು ಗುಂಡುಗಳು ಮುಕ್ಕಾಲು ಅಂಗುಲದೊಳಗೆ ಕೂತವು. ಇಂದಿನ ಎಷ್ಟೋ ದುಬಾರಿ ರೈಫಲ್ಲುಗಳಿಗೂ ಇದು ಕಷ್ಟ.

ಇನ್ನೊಂದು ಆಕ್ಷೇಪಣೆ ನಮ್ಮ ಕಡೆಯಿಂದಲೇ ಬರುತ್ತದೆ. ಡಮಾಸ್ಕಸ್ ಕತ್ತಿಗಳಿಗೆ ಹೋಗುತ್ತಿದ್ದ ದಕ್ಷಿಣ ಭಾರತದ ಮೂಸೆ ಉಕ್ಕು ಜಗತ್ಪ್ರಸಿದ್ಧ, ಮೈಸೂರು ಸೀಮೆಯ ಕುಲುಮೆಗಳನ್ನು ಫ್ರಾನ್ಸಿಸ್ ಬುಕನನ್ 1800-01ರ ಪ್ರವಾಸದಲ್ಲಿ ಕಂಡು ಬರೆದಿಟ್ಟಿದ್ದಾನೆ. ಅದಕ್ಕಿಂತ ಮೇಲಾದ ಉಕ್ಕು ಉಂಟೇ? ಕತ್ತಿಗೆ ಇಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಅದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು. 4140ರಲ್ಲಿ ಬರೀ 0.4. ಅಲಗಿನ ಹರಿತ ಉಳಿಸುವ ಆ ಇಂಗಾಲವೇ ಲೋಹವನ್ನು ಪೆಡಸು ಮಾಡುತ್ತದೆ. ಕತ್ತಿ ಮುರಿದರೆ ಕತ್ತಿಯಷ್ಟೇ ಹೋದೀತು, ನಳಿಗೆ ಒಡೆದರೆ ಹಿಡಿದವನ ಎಡಗೈ ಹೋಗುತ್ತದೆ. ಹೆಮ್ಮೆಯನ್ನು ಕತ್ತಿಯ ಮೇಲಿಡೋಣ, ನಳಿಗೆಯನ್ನು ಬಿಟ್ಟುಬಿಡೋಣ.

ಸ್ಟುಡಿಯೊ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಸ್ಟೇನ್‌ಲೆಸ್ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ: ಸ್ಪರ್ಧೆಯ ನಳಿಗೆಗೆ ಒಳ್ಳೆಯದೇ. ಆದರೆ ಅಲ್ಲಿಯೂ ಗೆದ್ದದ್ದು 416ಆರ್ ಎಂಬ ಜಾತಿ, ಅದರ ಗುಣ ಗಡಸುತನವಲ್ಲ, ಕೊಯ್ಯಲು ಬರುವುದು. ಕೊಯ್ತಕ್ಕೆ ಅನುಕೂಲವೆಂದು ಗಂಧಕ ಬೆರೆಸುತ್ತಾರೆ; ಹೆಚ್ಚಾದರೆ ಅದು ಎಳೆಎಳೆಯಾಗಿ ನಳಿಗೆಯ ಉದ್ದಕ್ಕೆ ಮಲಗಿ ಸೀಳಿಗೆ ದಾರಿಯಾಗುತ್ತದೆ, ಅದಕ್ಕೇ ಈ ಜಾತಿಯಲ್ಲಿ ಗಂಧಕ ಸಾಮಾನ್ಯ 416ಕ್ಕಿಂತ ಕಡಿಮೆ. ಹಿಮ ಬೀಳುವ ಕಡೆ ಬೇಟೆಗೆ ಹೋಗುವವರು ಕ್ರೋಮ್-ಮಾಲಿಯನ್ನೇ ಹಿಡಿಯಲಿ, ಕಡುಚಳಿಯಲ್ಲಿ ಈ ಸ್ಟೇನ್‌ಲೆಸ್ ಪೆಡಸಾಗುತ್ತದೆ. ಮೆಷಿನ್‌ಗನ್ನಿಗೆ ಬೇರೆ ಲೆಕ್ಕ, ಕೆಲವದರ ಒಳಗೆ ಕಾವು ತಡೆಯುವ ಸ್ಟೆಲೈಟ್ ಲೋಹದ ಕೊಳವೆಯನ್ನೇ ಹಾಕುತ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದ ಗಾಳಿ ರೈಫಲ್ಲಿನಲ್ಲಂತೂ ಮದ್ದೂ ಇಲ್ಲ, ಕಾವೂ ಇಲ್ಲ, ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ಅದಕ್ಕೆ ಅನ್ವಯಿಸುವುದಿಲ್ಲ. ನಳಿಗೆ ಕೊಳ್ಳುವಾಗ ಉಕ್ಕಿನ ನಂಬರ್ ಕೇಳಿ, ಕೊರೆದ ಮೇಲೆ ಕಾಯಿಸಿ ಒಳಬಿಗುಪು ತೆಗೆದಿದ್ದಾರಾ ಎಂದೂ ಕೇಳಿ. ಎರಡನೆಯದಕ್ಕೆ ಉತ್ತರ ತೊದಲಿದರೆ ಬೇರೆ ಅಂಗಡಿ ನೋಡಿ. ಕೆಂಪು ದೀಪ ಹತ್ತಿತು.