ದಿನಕ್ಕೆ ಮೂರು ತುಂಡು



ಏಪ್ರಿಲ್ ಮುಗಿಯುತ್ತಾ ಬಂತೆಂದರೆ ನಮ್ಮ ತಿರುಪ್ಪೂರಿನ ಮನೆಗಳಲ್ಲಿ ಮಕ್ಕಳಿಗೆ ರಜೆ ಸಿಗುತ್ತದೆ, ದೊಡ್ಡವರಿಗೆ ಸಿಗುವುದಿಲ್ಲ. ಬನಿಯನ್ ಕಂಪೆನಿಗೆ ಬೆಳಿಗ್ಗೆ ಎಂಟೂವರೆಗೆ ಹೋದವರು ಆರ್ಡರ್ ಜೋರಿದ್ದ ದಿನ ಒಂದೂವರೆ ಶಿಫ್ಟು ಮಾಡಿ ರಾತ್ರಿ ಎಂಟೂವರೆಗೆ ಮನೆ ಸೇರುತ್ತಾರೆ. ಅಷ್ಟು ಹೊತ್ತೂ ಮನೆ ತುಂಬ ಮಕ್ಕಳು. ನಮ್ಮವರ ಜೊತೆಗೆ ಊರಿಂದ ಬಂದ ನೆಂಟರ ಮಕ್ಕಳು. ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ. ಎಡೆಬಿಡದೆ ಮದುವೆಗಳು. ನಡುವೆ ಅವಿನಾಶಿಯ ತೇರು. ಇಂಥ ಗದ್ದಲದ ತಿಂಗಳುಗಳಲ್ಲೇ ನಾನು ವರ್ಷಕ್ಕೊಂದು ಕೌದಿ ಹೊಲಿಯುತ್ತೇನೆ. 'ಅಷ್ಟು ಪುರುಸೊತ್ತು ನಿಮಗೆಲ್ಲಿಂದ ಬಂತು?' ಎಂದು ಕೇಳಿದವರು ಅನೇಕರು. ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಕೌದಿಯ ಕಥೆಯನ್ನೇ ಮೊದಲಿನಿಂದ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ, ಖಣ ನೇಯುವ ಮನೆಯಲ್ಲಿ. ಖಣವೆಂದರೆ ಕುಪ್ಪಸದ ಬಟ್ಟೆ. ಇಳಕಲ್ ಸೀರೆಗೆ ಜೊತೆ. ನಮ್ಮ ಮನೆಯಲ್ಲಿ ಮಗ್ಗ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ಅವ್ವನ ಕೈ ಸದಾ ಕಂಡಿಕೆ ಸುತ್ತುತ್ತಿತ್ತು. ಸುಗ್ಗಿ ಮುಗಿದ ಮೇಲೆ ರೈತರ ಹೆಂಗಸರಿಗೆ ತುಸು ಉಸಿರಾಡಲು ಹೊತ್ತು ಸಿಗುತ್ತಿತ್ತೇನೋ, ನೇಕಾರರ ಮನೆಯಲ್ಲಿ ಅದೂ ಇಲ್ಲ. ಆದರೂ ಮುಂಗಾರಿಗೆ ಮೊದಲು ಕೌದಿ ಆಗಲೇಬೇಕು. ಮಳೆ ಹಿಡಿದರೆ ಹಳೆಯ ಬಟ್ಟೆ ಒಗೆದು ಒಣಗಿಸಲು ಬಿಸಿಲಿಲ್ಲ, ಹಾಸಿ ಹೊಲಿಯಲು ಅಂಗಳವಿಲ್ಲ, ಹೊದೆಯಲು ಬೆಚ್ಚನೆಯದೂ ಬೇಕು. ಕೌದಿ ಬೇಸಿಗೆಯ ಕೆಲಸವಾದದ್ದು ಹೀಗೆ.

ನನ್ನಜ್ಜಿ, ನಮ್ಮೆಲ್ಲರ ಆಯಿ, ಹೊಲಿಯುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆಯನ್ನು ಮಡಿಸಿ ನೆಲಕ್ಕೆ ಹಾಸುವುದು. ನಾಲ್ಕು ಮೂಲೆಗೆ ನಾಲ್ಕು ಭಾರ: ಒಂದಕ್ಕೆ ಗುಂಡುಕಲ್ಲು, ಒಂದಕ್ಕೆ ನೀರು ತುಂಬಿದ ಚೆಂಬು, ಇನ್ನೆರಡಕ್ಕೆ ನಾವು ಮೊಮ್ಮಕ್ಕಳು. ಅದರ ಮೇಲೆ ಖಣದ ಚೂರು, ಅಪ್ಪನ ಹಳೆಯ ಧೋತರ, ನಮ್ಮ ಲಂಗದ ತುಂಡುಗಳನ್ನು ಒಂದೊಂದಾಗಿ ಅಂಚು ಮಡಚಿ ಕೂಡಿಸಿ, ಉದ್ದಕ್ಕೂ ಸಾಲು ಸಾಲು ಟಾಕು ಹಾಕುವುದು. ದಾರ ಪೋಣಿಸುವುದು ನಮ್ಮ ಪಾಲಿನ ಕೆಲಸ, ಯಾಕೆಂದರೆ ಆಯಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹತ್ತು ಸೂಜಿಗೆ ದಾರ ಹಾಕಿ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಚುಚ್ಚಿಟ್ಟು ನಾವು ಆಟಕ್ಕೆ ಓಡುತ್ತಿದ್ದೆವು. ಹತ್ತೂ ಮುಗಿದಾಗ ಕೂಗು ಬರುತ್ತಿತ್ತು. 'ಕುಂತಾಗ ನಾಕು ಟಾಕು ಹಾಕಬೇಕು, ಎದ್ದಾಗ ಮಡಚಿ ಇಡಬೇಕು' ಎನ್ನುತ್ತಿದ್ದಳು ಆಯಿ. ಒಂದು ಇಡೀ ದಿನ ಕೌದಿಗೆಂದೇ ಕುಳಿತದ್ದನ್ನು ನಾನು ನೋಡಿಲ್ಲ. ಅನ್ನಕ್ಕೆ ಎಸರಿಟ್ಟು ಒಂದು ಸಾಲು, ಮಗು ಮಲಗಿದಾಗ ಎರಡು ಸಾಲು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನೂ ಇಲ್ಲಿ ನೆನೆಯಬೇಕು. ಆಫ್ರಿಕಾದಿಂದ ಪೋರ್ಚುಗೀಸರು, ಅರಬರು ಹಿಡಿದು ತಂದವರ ಸಂತತಿ ಅವರು. ಕೌದಿಯ ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಅದಿಲ್ಲದ ಕೌದಿ ಬರಿಮೈಯಲ್ಲಿದ್ದ ಹಾಗೆ ಎಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಹಲವು ವರ್ಷ ಅಭ್ಯಾಸ ಮಾಡಿ ಹೊರಲೋಕಕ್ಕೆ ತೋರಿಸಿದರು. ಮ್ಯೂಸಿಯಮ್ಮಿನ ಗೋಡೆ ಏರಿದ ಆ ಕೌದಿಗಳೂ ಕೂಲಿ ಮುಗಿಸಿ ಬಂದ ಮೇಲೆ, ಮಕ್ಕಳು ಕಾಲಿಗೆ ತೊಡರುತ್ತಿರುವಾಗ ಹೊಲಿದವೇ.

ನಾನು ತಿರುಪ್ಪೂರಿಗೆ ಬಂದದ್ದು 1986ರಲ್ಲಿ. ನನ್ನ ಯಜಮಾನರಿಗೆ ಹೆಣಿಗೆ ಯಂತ್ರದ ಫಿಟ್ಟರ್ ಕೆಲಸ. ತಮಿಳು ಬಾರದೆ ಕಂಗಾಲಾಗಿ ಬಾವಿಕಟ್ಟೆಯಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಕನ್ನಡದಲ್ಲಿ 'ಯಾವೂರಮ್ಮ?' ಎಂದು ಕೇಳಿದ ದಿನವನ್ನು ನಾನು ಮರೆಯುವ ಹಾಗಿಲ್ಲ. ಅವರು ದೇವಾಂಗರು. ಈ ಕೊಂಗುನಾಡಿನ ದೇವಾಂಗ ನೇಕಾರರಲ್ಲಿ ಹೆಚ್ಚಿನವರ ಮನೆಮಾತು ಕನ್ನಡ; ಸಿರುಮುಗೈಯ ರೇಷ್ಮೆ, ನೆಗಮಂನ ಹತ್ತಿ ಸೀರೆಗಳಲ್ಲಿ ಅವರ ಕೈಯಿದೆ. ವಿಜಯನಗರದ ಕಾಲದಲ್ಲಿ ತೆಂಕಣಕ್ಕೆ ಬಂದವರು ನಾವು ಎಂದು ಹೇಳಿಕೊಳ್ಳುತ್ತಾರೆ. ಈ ಸೀಮೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರಲ್ಲಿ ಟಿಪ್ಪು ಮಡಿಯುವವರೆಗೆ ಕೊಯಮತ್ತೂರು ಮೈಸೂರಿನದಾಗಿತ್ತು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 'ನಿನ್ನ ಕನ್ನಡ ಬೇರೆ, ನಮ್ಮ ಕನ್ನಡ ಬೇರೆ, ತಾಯಿ ಚೌಡಮ್ಮ ಒಬ್ಬಳೇ' ಎಂದರು ಅಜ್ಜಿ, ಕುಲದೇವತೆಯನ್ನು ನೆನೆದು. ಅವರ ಮನೆಯಲ್ಲಿ ಕೌದಿ ಇರಲಿಲ್ಲ. ಈ ಕಡೆಯ ಸೆಕೆಗೆ ಅದರ ಅಗತ್ಯವೂ ಇಲ್ಲ. ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಕೂಸಿಗೆ ತೂಗುತ್ತಾರೆ, ಅದಕ್ಕೆ ಇಲ್ಲಿ ತೂಳಿ ಎನ್ನುತ್ತಾರೆ. ತಾಯಿ ಉಟ್ಟ ಸೀರೆಯೇ ಮಗುವಿಗೆ ಹಿತ ಎಂಬುದು ಮಾತ್ರ ಅವರಿಗೂ ನಮಗೂ ಒಂದೇ.

ಇನ್ನು ಈ ಊರಿನ ಹೊಲಿಗೆಯ ಮಾತು. 1920ರ ದಶಕದಲ್ಲಿ ತಿರುಪ್ಪೂರು ಖಾದಿಯ ದೊಡ್ಡ ಕೇಂದ್ರ. ಚೆನ್ನಿಮಲೈಯ ನೇಕಾರ ಮನೆತನದ ಕುಮಾರನ್ ಸ್ವಾತಂತ್ರ್ಯ ಚಳವಳಿಯಲ್ಲಿ ಬಾವುಟ ಬಿಡದೆ ಪೊಲೀಸರ ಏಟು ತಿಂದು 1932ರ ಜನವರಿ 11ರಂದು ತೀರಿಕೊಂಡದ್ದು ಈ ಊರಿನಲ್ಲೇ. ಅದಕ್ಕೂ ಮೊದಲೇ, 1925ರ ಹೊತ್ತಿಗೆ, ಗುಲಾಮ್ ಖಾದರ್ ಎಂಬವರು ಇಲ್ಲಿಗೆ ಮೊದಲ ಹೆಣಿಗೆ ಯಂತ್ರ ತಂದರು ಎಂದು ಊರವರು ಹೇಳುತ್ತಾರೆ. ಒಂದೇ ಊರಿನಲ್ಲಿ ಒಂದು ಕಡೆ ಚರಕ, ಇನ್ನೊಂದು ಕಡೆ ಯಂತ್ರ! ಗಾಂಧೀಜಿಯೇ 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುತ್ತಾ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರತಾಗಿಸಿದ್ದರು. ಸಿಂಗರ್ ತನ್ನ ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಅದನ್ನು ಮಾಡಿದ್ದು ಎಂಬ ಕಥೆ ಅವರಿಗೆ ಹಿಡಿಸಿತ್ತು. ಹೆಣಿಗೆ ಯಂತ್ರಕ್ಕೂ ಅಂಥದೇ ಕಥೆಯಿದೆ: 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದ್ದು ತಾನು ಮೆಚ್ಚಿದ ಹೆಣ್ಣಿನ ಕೈ ಸದಾ ಹೆಣಿಗೆಯಲ್ಲೇ ಮುಳುಗಿರುತ್ತಿತ್ತು ಎಂಬುದಕ್ಕಂತೆ. ನಿಜವೋ ಕಟ್ಟುಕಥೆಯೋ, ಎರಡರಲ್ಲೂ ಇರುವುದು ಬಿಡುವಿಲ್ಲದ ಹೆಣ್ಣುಕೈ. ಯಂತ್ರ ಬಂದ ಮೇಲೆ ಆ ಕೈಗೆ ಬಿಡುವು ಸಿಕ್ಕಿತೇ? ತಿರುಪ್ಪೂರಿನಲ್ಲಿ ಮೂವತ್ತೆಂಟು ವರ್ಷಕ್ಕೂ ಹೆಚ್ಚು ಕಾಲ ಬಾಳಿದವಳಾಗಿ ಹೇಳುತ್ತೇನೆ, ಸಿಗಲಿಲ್ಲ. 1970ರ ದಶಕದ ಕೊನೆಯಲ್ಲಿ ಇಟಲಿಯವರು ಬಂದು ಬನಿಯನ್ ಕೊಂಡರು, ರಫ್ತು ಶುರುವಾಯಿತು. ಆಮೇಲೆ ಊರಿಗೆ ಊರೇ ಓವರ್‌ಲಾಕ್ ಮಿಷನ್ನಿನ ಮುಂದೆ ಕುಳಿತಿತು. ಪೀಸಿಗೆ ಇಷ್ಟು ಎಂದು ಕೂಲಿ. ಟೈಲರ್ ಪಕ್ಕದಲ್ಲಿ ನಿಂತು ಪೀಸು ಮಡಚಿ ಕೊಡುವ ಕೈಮಡಿ ಹುಡುಗಿಗೂ ನೀರು ಕುಡಿಯಲು ಹೊತ್ತಿಲ್ಲ.

ಆದರೆ ಇದೇ ಊರು ನನಗೆ ಕೌದಿಯ ಬಟ್ಟೆ ಕೊಟ್ಟಿತು. ಕಟಿಂಗ್ ಟೇಬಲಿನ ಮೇಲೆ ತೋಳು, ಕತ್ತು ಕತ್ತರಿಸಿದ ಮೇಲೆ ಉಳಿಯುವ ತುಂಡುಗಳಿಗೆ ಇಲ್ಲಿ ಬನಿಯನ್ ವೇಸ್ಟ್ ಎನ್ನುತ್ತಾರೆ. ವೇಸ್ಟ್ ಎಂಬುದು ಹೆಸರಿಗಷ್ಟೇ. ಅದನ್ನು ಬಣ್ಣವಾರು ಬೇರ್ಪಡಿಸಿ, ಹಿಂಜಿ, ಮತ್ತೆ ನೂಲು ತೆಗೆಯುವ ಮಿಲ್ಲುಗಳು ಸುತ್ತಮುತ್ತ ಎಷ್ಟೋ ಇವೆ. ಉಳಿದದ್ದು ಯಂತ್ರ ಒರೆಸಲು ಲೋಕವೆಲ್ಲ ಹೋಗುತ್ತದೆ. ಈ ತುಂಡುಗಳ ಬಣ್ಣವನ್ನು ನಾನು ಹಗುರವಾಗಿ ಕಾಣಲಾರೆ. ಆ ಬಣ್ಣದ ನೀರು ಹರಿದು ನೊಯ್ಯಲ್ ಹೊಳೆ ಕೆಟ್ಟಿತು, ಕೆಳಗಿನ ಒರತ್ತುಪಾಳಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಾರದಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಅಷ್ಟು ಬೆಲೆ ತೆತ್ತು ಬಂದ ಕೆಂಪು, ನೀಲಿಯನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ.

ನನ್ನ ಮೊದಲ ಬನಿಯನ್ ಕೌದಿ ಕೆಟ್ಟಿತು. ಗುಳೇದಗುಡ್ಡದ ರೂಢಿಯಂತೆ ತುಂಡಿನ ಅಂಚು ಮಡಚಿ, ದಾರ ಎಳೆದು ಬಿಗಿಯಾಗಿ ಹೊಲಿದೆ. ಒಗೆದ ಮೇಲೆ ಒಂದು ಕಡೆ ಜೋತುಬಿತ್ತು, ಇನ್ನೊಂದು ಕಡೆ ಸುಕ್ಕುಗಟ್ಟಿ ಉಬ್ಬಿತು. ನೇಯ್ದ ಬಟ್ಟೆಯ ಬುದ್ಧಿಯನ್ನು ಹೆಣೆದ ಬಟ್ಟೆಗೆ ಹೇಳಲಾಗದು ಎಂದು ಆಗ ತಿಳಿಯಿತು. ಹೆಣಿಗೆ ಬಟ್ಟೆ ಅಡ್ಡಕ್ಕೆ ಎಳೆದರೆ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಎಲ್ಲ ತುಂಡುಗಳ ಉದ್ದಗೆರೆಯೂ ಒಂದೇ ದಿಕ್ಕಿಗಿರಬೇಕು. ಅದರ ಅಂಚು ಸುರುಳಿಯಾಗುತ್ತದೆಯೇ ಹೊರತು ನೇಯ್ದ ಬಟ್ಟೆಯಂತೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಮಡಚುವ ಅಗತ್ಯವೇ ಇಲ್ಲ, ಒಂದರ ಮೇಲೊಂದು ಅರ್ಧ ಇಂಚು ಹೊದಿಸಿದರೆ ಸಾಕು. ಸೂಜಿಯ ತುದಿ ದುಂಡಗಿರಬೇಕು, ಚೂಪಾದರೆ ಕುಣಿಕೆ ಕತ್ತರಿಸಿ ತೂತು ಬೀಳುತ್ತದೆ. ತುಂಡುಗಳನ್ನು ಮೊದಲೇ ಒಗೆದಿರಬೇಕು, ಅಡಿಗೆ ಹಳೆಯ ಹತ್ತಿ ಸೀರೆ ಇರಲೇಬೇಕು. ದಾರವನ್ನು ಎಳೆಯದೆ ಸಡಿಲ ಬಿಡಬೇಕು.

ಎರಡನೆಯ ತೊಂದರೆ ಜಾಗದ್ದು. ನಾವಿದ್ದದ್ದು ಲೈನ್ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ಆಯಿಯ ಹಾಗೆ ನಾಲ್ಕು ಮೂಲೆಗೆ ಕಲ್ಲಿಟ್ಟು ಹಾಸಿದರೆ ಮಕ್ಕಳು ಮಲಗುವುದೆಲ್ಲಿ? ಇಲ್ಲಿ ನನಗೆ ನೆರವಾದದ್ದು ಅಮೆರಿಕದ ಹೆಂಗಸರ ಕ್ರಮ. 19ನೇ ಶತಮಾನದಲ್ಲಿ ಅವರಲ್ಲಿ ಕೌದಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಮಡಿಲಲ್ಲೇ ಹೊಲಿದು, ಎಲ್ಲ ಆದ ಮೇಲೆ ಕೂಡಿಸುವ ಪದ್ಧತಿ ಬೆಳೆಯಿತು. ಪುಸ್ತಕವೊಂದರಲ್ಲಿ ಅದರ ಚಿತ್ರ ನೋಡಿದಾಗ ಎದ್ದು ಕುಣಿಯುವಷ್ಟು ಖುಷಿಯಾಗಿತ್ತು. ಇಡೀ ಕೌದಿ ಒಂದು ಕೈಚೀಲದೊಳಗೆ ಹಿಡಿಸುತ್ತದೆ, ಮದುವೆ ಮನೆಗೆ ಹೋಗುವ ಬಸ್ಸಿನಲ್ಲೂ ಬರುತ್ತದೆ!

ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಕೌದಿ. ಆರಿಂಚಿನ ಚೌಕವಾದರೆ ಅಗಲಕ್ಕೆ 8, ಉದ್ದಕ್ಕೆ 12, ಒಟ್ಟು 96. ಅಂಚು ಹೊದಿಸಲೆಂದು ಆರೂವರೆ ಇಂಚು ಕತ್ತರಿಸಿಕೊಳ್ಳಿ, ಅಷ್ಟೇ ಅಳತೆಯ ಸೀರೆ ತುಂಡಿನ ಮೇಲಿಟ್ಟು ನಾಲ್ಕೈದು ಸಾಲು ಟಾಕು ಹಾಕಿ. ದಿನಕ್ಕೆ ಮೂರು ತುಂಡು, 32 ದಿನ. ಮಕ್ಕಳ ರಜೆಯೊಳಗೆ ಮುಗಿದು ಕೂಡಿಸಲು ವಾರ ಉಳಿಯುತ್ತದೆ. ಅಷ್ಟೂ ಆಗದವರು ಮೂರಡಿ ಚೌಕದ ಕೂಸಿನ ಹಾಸಿಗೆ ಮಾಡಲಿ, 36 ತುಂಡು, 12 ದಿನ. ಅದೂ ಆಗದಿದ್ದರೆ ಎರಡು ತುಂಡಿನ ನಡುವೆ ಹಳೆಯ ಟವೆಲಿನ ಚೂರಿಟ್ಟು ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೊಲಿಯಲಿ. ಒಲೆಯ ಮೇಲೆ ಬೇಳೆ ಬೇಯುವುದರೊಳಗೆ ಒಂದಾಗುತ್ತದೆ. ನನ್ನ ಮೊಮ್ಮಗಳು ಎಂಟು ವರ್ಷದವಳು, ಕಳೆದ ಬೇಸಿಗೆಯಲ್ಲಿ ತನ್ನ ತಮ್ಮನಿಗೆ ತೋಳಿನ ತುಂಡಿನಿಂದ ಕುಲಾವಿ ಹೊಲಿದಳು. ರಿಬ್ ಅಂಚು ಹಣೆಯ ಮೇಲೆ ಸರಿಯಾಗಿ ಕೂತಿತು.

ನನ್ನ ಸೊಸೆ ಕಂಪೆನಿಯಲ್ಲಿ ಇಡೀ ದಿನ ಪೀಸು ಲೆಕ್ಕದಲ್ಲೇ ಹೊಲಿಯುವವಳು. ಮನೆಗೆ ಬಂದ ಮೇಲೆ ಸೂಜಿಯ ಮುಖ ನೋಡುವುದೂ ಬೇಡವೆನ್ನುತ್ತಿದ್ದಳು, ನಾನು ಬಲವಂತ ಮಾಡಲಿಲ್ಲ. ಹೋದ ವರ್ಷ ಒಂದು ರಾತ್ರಿ ಊಟವಾದ ಮೇಲೆ ತಾನಾಗಿ ಪಕ್ಕಕ್ಕೆ ಬಂದು ಕುಳಿತು ಒಂದು ತುಂಡು ತೆಗೆದುಕೊಂಡಳು. ತುಂಬ ನಿಧಾನವಾಗಿ ಹೊಲಿದಳು. ನಡುವೆ ಬಿಚ್ಚಿದಳು, ಮತ್ತೆ ಹೊಲಿದಳು. 'ಇಲ್ಲಿ ಯಾರೂ ಎಣಿಸೋದಿಲ್ಲ ಅಲ್ವಾ ಅತ್ತೆ?' ಎಂದಳು. ಆ ತುಂಡು ಕೌದಿಯ ನಡುವಿನಲ್ಲಿದೆ, ಹಸಿರು ಬಣ್ಣದ್ದು, ಅದರ ಟಾಕು ಉಳಿದವಕ್ಕಿಂತ ಚಿಕ್ಕದು.

ಈ ಬೇಸಿಗೆಯಲ್ಲಿ ನಿನ್ನೆಯವರೆಗೆ 57 ತುಂಡು ಆಗಿವೆ. ಇವತ್ತು ಶನಿವಾರ, ಸಂಬಳದ ದಿನ. ಸೊಸೆ ಸಂತೆ ಮಾಡಿಕೊಂಡು ತಡವಾಗಿ ಬರುತ್ತಾಳೆ. ಮೊಮ್ಮಗಳು ಹತ್ತು ಸೂಜಿಗೆ ದಾರ ಹಾಕಿ ಕ್ಯಾಲೆಂಡರಿಗೆ ಚುಚ್ಚಿಟ್ಟು ಮಾಳಿಗೆಗೆ ಓಡಿದ್ದಾಳೆ. ಸಂಡಿಗೆ ಒಳಗೆ ತಂದ ಮೇಲೆ ನಾನು ಮೂರು ತುಂಡಿಗೆ ಕೂರುತ್ತೇನೆ.